ಸೌದೆ ಒಟ್ಟುವ ತಿಂಗಳು

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಸೆಪ್ಟೆಂಬರಿನ ಒಂದು ಭಾನುವಾರ, ಹೊಸದಾಗಿ ಬಂದ ಕನ್ನಡಿಗರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಮಾತು ಹಾದಿ ತಪ್ಪಿದ ಕಡೆ ಸ್ವಲ್ಪ ಸರಿಪಡಿಸಿದ್ದೇನೆ. ಪೂರ್ತಿ ಅಲ್ಲ.

ಎಲ್ಲರಿಗೂ ನಮಸ್ಕಾರ. ಹೊರಗೆ ಇಷ್ಟು ಚೆಂದದ ಬಿಸಿಲಿದೆ. ಮಕ್ಕಳು ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡುತ್ತಿದ್ದಾರೆ. ಇಂಥ ದಿನ ನಿಮ್ಮನ್ನು ಒಳಗೆ ಕೂರಿಸಿ ಹಿಮದ ಬಗ್ಗೆ ಮಾತಾಡುವುದು ಅನ್ಯಾಯ, ಒಪ್ಪುತ್ತೇನೆ. ಆದರೆ ಇದೇ ಮಾತನ್ನು ಜನವರಿಯಲ್ಲಿ ಆಡಿದರೆ ಏನೂ ಉಪಯೋಗವಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ನಾನು ಈ ಊರಿಗೆ ಬಂದದ್ದು 2011ರ ಅಕ್ಟೋಬರಿನಲ್ಲಿ. ನಮ್ಮನೆಯವರಿಗೆ ಇಲ್ಲಿ ಕೆಲಸ. ನನ್ನದು ಎಚ್-4 ವೀಸಾ. ಅಂದರೆ ಆಗ ದುಡಿಯುವ ಹಾಗಿರಲಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಬಂದವರಿಗೆ ಈ ಊರು ಮೋಸ ಮಾಡುತ್ತದೆ. ಮೇಪಲ್ ಮರಗಳು ಮೈತುಂಬ ಅರಿಶಿನ ಕುಂಕುಮ ಎರಚಿಕೊಂಡು ನಿಂತಿರುತ್ತವೆ. ನಾನು ಫೋಟೋ ತೆಗೆದು ತೆಗೆದು ತೀರ್ಥಹಳ್ಳಿಗೆ ಕಳಿಸಿದ್ದೇ ಕಳಿಸಿದ್ದು.

ಚಳಿಗೆ ನಾವು ತಯಾರಾಗಿಯೇ ಬಂದಿದ್ದೆವು. ಬೆಂಗಳೂರಿನಲ್ಲಿ ದಪ್ಪ ಸ್ವೆಟರು, ಮಂಕಿ ಕ್ಯಾಪು, ಉಣ್ಣೆಯ ಕಾಲುಚೀಲ ಎಲ್ಲ ಕೊಂಡಾಗಿತ್ತು. ಹೊರಡುವ ಮುಂಚೆ ಹೆದರಿಸಿದವರೆಲ್ಲ ಹೆದರಿಸಿದ್ದು ಚಳಿಯ ವಿಷಯಕ್ಕೇ. ಕತ್ತಲೆಯ ಬಗ್ಗೆ ಒಬ್ಬರಾದರೂ ಒಂದು ಮಾತು ಹೇಳಿದ್ದರೆ ಕೇಳಿ.

ನವೆಂಬರಿನ ಮೊದಲ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಶನಿವಾರ ಆರರ ಹತ್ತಿರ ಮುಳುಗಿದ ಸೂರ್ಯ ಭಾನುವಾರ ಐದು ಹೊಡೆಯುವುದಕ್ಕೂ ಮುಂಚೆ ಹೋಗಿರುತ್ತಾನೆ. ಸಂಜೆ ಕಾಫಿಗೆ ಹಾಲಿಟ್ಟು ತಿರುಗಿ ನೋಡುತ್ತೇನೆ, ಕಿಟಕಿ ಕಪ್ಪಗಾಗಿದೆ. ದೇವರ ದೀಪ ಈಗಲೇ ಹಚ್ಚುವುದಾ, ಆರಕ್ಕೆ ಹಚ್ಚುವುದಾ ಅಂತ ಗೊಂದಲ. ನಗಬೇಡಿ, ಒಂದು ವಾರ ಆ ಗೊಂದಲದಲ್ಲೇ ಇದ್ದೆ.

ಲೆಕ್ಕ ಹೇಳುತ್ತೇನೆ ನೋಡಿ. ಡಿಸೆಂಬರ್ 21ಕ್ಕೆ ಬೆಂಗಳೂರಿನಲ್ಲಿ ಹಗಲು ಸುಮಾರು 11 ಗಂಟೆ 20 ನಿಮಿಷ. ಇಲ್ಲಿ ಸುಮಾರು 9 ಗಂಟೆ. ಬರೀ ಎರಡು ಚಿಲ್ಲರೆ ಗಂಟೆ ಕಮ್ಮಿ, ಅದೇನು ಮಹಾ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಈ 9 ಗಂಟೆಯಲ್ಲಿ ಸೂರ್ಯ ಕಾಣುವುದೇ ಅಪರೂಪ. ಅದಕ್ಕೆ ಕಾರಣ ನಮ್ಮ ಉತ್ತರಕ್ಕಿರುವ ಕೆರೆ. ಕೆರೆ ಅಂದೆ, ಒಂಟಾರಿಯೋ ಸರೋವರ.

ಘಟ್ಟದ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅರಬ್ಬೀ ಸಮುದ್ರದಿಂದ ನೀರು ಹೊತ್ತ ಗಾಳಿ ಬಂದು ಘಟ್ಟ ಹತ್ತುವಾಗ ಮಳೆ ಸುರಿಯುತ್ತದಲ್ಲ, ಇದು ಅದರ ದಾಯಾದಿ. ಕೆನಡಾ ಕಡೆಯಿಂದ ಕೊರೆಯುವ ಒಣಗಾಳಿ ಬರುತ್ತದೆ. ಬೇಸಗೆಯ ಬಿಸಿ ಇನ್ನೂ ಇಟ್ಟುಕೊಂಡಿರುವ ಸರೋವರದ ಮೇಲೆ ಹಾಯುವಾಗ ಬಿಸುಪು ಮತ್ತು ನೀರಾವಿ ಹೀರುತ್ತದೆ, ಮೇಲೇರುತ್ತದೆ, ಮೋಡವಾಗುತ್ತದೆ. ಈಚೆ ದಡ ಮುಟ್ಟುತ್ತಿದ್ದಂತೆ ಹೊತ್ತದ್ದನ್ನೆಲ್ಲ ಹಿಮವಾಗಿ ಇಳಿಸುತ್ತದೆ. ಲೇಕ್ ಎಫೆಕ್ಟ್ ಅಂತ ಹವಾಮಾನದವರು ಹೇಳುವುದು ಇದನ್ನೇ. ಹಿಮದ ಪಟ್ಟಿ ಎಷ್ಟು ಕಿರಿದು ಅಂದರೆ ಊರಿನ ಒಂದು ಮಗ್ಗುಲಲ್ಲಿ ಮೊಣಕಾಲುದ್ದ ಬಿದ್ದಿರುತ್ತದೆ, ಇನ್ನೊಂದು ಮಗ್ಗುಲಲ್ಲಿ ರಸ್ತೆ ಒಣಗಿರುತ್ತದೆ. ಬಫೆಲೊ ಪಕ್ಕದ ಈರಿ ಸರೋವರ ಆಳವಿಲ್ಲದ್ದು. ಚಳಿ ಜೋರಾದ ವರ್ಷ ಅದು ಹೆಪ್ಪುಗಟ್ಟಿ ಸುಮ್ಮನಾಗುತ್ತದೆ. ನಮ್ಮ ಒಂಟಾರಿಯೋ 244 ಮೀಟರಿನವರೆಗೆ ಆಳ. ಪೂರ್ತಿ ಹೆಪ್ಪುಗಟ್ಟುವುದು ಬಹಳ ಅಪರೂಪ. ಹಾಗಾಗಿ ಮೋಡದ ಕಾರ್ಖಾನೆಗೆ ಚಳಿಗಾಲವಿಡೀ ರಜೆಯಿಲ್ಲ. ವರ್ಷಕ್ಕೆ ಸರಾಸರಿ ನೂರು ಇಂಚಿನ ಆಸುಪಾಸು ಹಿಮ. ಎಂಟು ಅಡಿಗಿಂತ ಜಾಸ್ತಿ. ಒಂದೇ ಸಲ ಅಲ್ಲ, ಗಾಬರಿಯಾಗಬೇಡಿ.

ಮೊದಲ ಡಿಸೆಂಬರಿನಲ್ಲಿ ನನ್ನ ನಿದ್ದೆ ದಿನಕ್ಕೆ ಹತ್ತು ಗಂಟೆಯಾಯಿತು. ಆಮೇಲೆ ಹನ್ನೊಂದು. ಎದ್ದರೂ ಎದ್ದ ಹಾಗಿರುತ್ತಿರಲಿಲ್ಲ. ಮೂರು ಹೊತ್ತೂ ಅನ್ನ ಬೇಕು. ಮಧ್ಯೆ ಮಧ್ಯೆ ಬ್ರೆಡ್ಡು, ಬಿಸ್ಕತ್ತು. ಊರಿನಿಂದ ಫೋನ್ ಬಂದರೆ ಎತ್ತಲು ಬೇಜಾರು. ಒಂದು ದಿನ ಸ್ಕೈಪಿನಲ್ಲಿ ಅಮ್ಮ, "ಏನೇ, ಮುಖ ಯಾಕೆ ಹೀಗೆ ಊದಿಕೊಂಡಿದೆ?" ಅಂದರು. ಚಳಿಗೆ ಅಂದೆ. ಒಳಗೊಳಗೆ ನಾನೇ ಸೋಮಾರಿಯಾಗಿದ್ದೇನೆ ಅಂತ ಗಟ್ಟಿ ನಂಬಿದ್ದೆ. ಕೆಲಸವಿಲ್ಲ, ಮಕ್ಕಳಿಲ್ಲ, ಬೆಚ್ಚಗಿನ ಮನೆಯಿದೆ, ಇವಳಿಗೇನು ದಾಡಿ ಅಂತ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಫೆಬ್ರವರಿಯಲ್ಲಿ ಡಾಕ್ಟರ ಹತ್ತಿರ ಹೋದದ್ದು ನಮ್ಮನೆಯವರ ಒತ್ತಾಯಕ್ಕೆ. ರಕ್ತ ಪರೀಕ್ಷೆಯಾಯಿತು. ಥೈರಾಯ್ಡ್ ಸರಿಯಿತ್ತು. ಡಿ ವಿಟಮಿನ್ 11 ಬಂತು, 20ರ ಮೇಲಿರಬೇಕಂತೆ. ಆದರೆ ನನಗೆ ನೆನಪಿರುವುದು ಆ ಸಂಖ್ಯೆಯಲ್ಲ. ಬಿಪಿ ನೋಡಲು ಬಂದ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತುತ್ತಾ, ಸುಮ್ನೆ ಮಾತಿಗೆ ಕೇಳುವ ಹಾಗೆ, ಹಗಲು ಹೊತ್ತಿನಲ್ಲಿ ಕೊನೆಯ ಸಲ ಹೊರಗೆ ಕಾಲಿಟ್ಟದ್ದು ಯಾವಾಗ ಅಂತ ಕೇಳಿದಳು. ಬೆರಳು ಮಡಚಿ ಎಣಿಸಿದೆ. ಒಂಬತ್ತು ದಿನ. ಅದೂ ಕಾರಿನಿಂದ ಅಂಗಡಿಯ ಬಾಗಿಲವರೆಗೆ. ಅವಳು ಏನೂ ಅನ್ನಲಿಲ್ಲ. ಪಟ್ಟಿ ಬಿಚ್ಚಿ, ಚೀಟಿಯಲ್ಲಿ ಏನೋ ಬರೆದುಕೊಂಡಳು. ನನಗೆ ನಾಚಿಕೆಯಾಯಿತು.

ಇದಕ್ಕೊಂದು ಹೆಸರಿದೆ ಅಂತ ಆಮೇಲೆ ಗೊತ್ತಾಯಿತು. ಸೀಸನಲ್ ಅಫೆಕ್ಟಿವ್ ಡಿಸಾರ್ಡರ್. ಹೆಸರಿಟ್ಟವರು ನಾರ್ಮನ್ ರೋಸೆಂಥಾಲ್ ಎಂಬ ಮನೋವೈದ್ಯರು. ಅವರ ಕತೆ ನಮಗೆ ಹತ್ತಿರದ್ದು. ಅವರು ದಕ್ಷಿಣ ಆಫ್ರಿಕಾದ ಬಿಸಿಲಿನಲ್ಲಿ ಬೆಳೆದವರು. 1976ರಲ್ಲಿ ನ್ಯೂಯಾರ್ಕಿಗೆ ಓದಲು ಬಂದರು. ಚಳಿಗಾಲ ಬಂದಾಗಲೆಲ್ಲ ತನಗೆ ಕೈಕಾಲು ಆಡುವುದಿಲ್ಲ, ವಸಂತ ಬಂದರೆ ತಾನಾಗಿ ಸರಿಹೋಗುತ್ತದೆ ಅಂತ ಗಮನಿಸಿದರು. 1984ರಲ್ಲಿ ಜೊತೆಗಾರರೊಂದಿಗೆ ಇಂಥ ರೋಗಿಗಳ ಬಗ್ಗೆ ಪ್ರಬಂಧ ಬರೆದರು. ಜಾಸ್ತಿ ನಿದ್ದೆ, ಹಿಟ್ಟಿನ ಪದಾರ್ಥ ಮತ್ತು ಸಿಹಿಯ ಮೇಲೆ ಆಸೆ, ತೂಕ ಏರುವುದು, ಜನ ಬೇಡವಾಗುವುದು. ನನ್ನ ಡಿಸೆಂಬರನ್ನು ಯಾರೋ ಮೊದಲೇ ಬರೆದಿಟ್ಟ ಹಾಗಿತ್ತು. ಇಲ್ಲಿಗೆ ಬಂದವರಿಗೆಲ್ಲ ಇದು ಬಂದೇ ಬರುತ್ತದೆ ಅಂತಲ್ಲ. ಕೆಲವರಿಗೆ ಸ್ವಲ್ಪ ಮಂಕು, ಅಷ್ಟೇ. ನಮ್ಮನೆಯವರಿಗೆ ಅದೂ ಇಲ್ಲ. ಹಿಮ ಬಿದ್ದರೆ ಮಕ್ಕಳಿಗಿಂತ ಮುಂಚೆ ಅವರೇ ಹೊರಗಿರುತ್ತಾರೆ.

ಈಗ ನನ್ನ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಇದು ನನಗೆ ಹೊಳೆಯಲು ಮೂರು ಚಳಿಗಾಲ ಬೇಕಾಯಿತು. ಅಷ್ಟು ದಡ್ಡಿ ನಾನು.

ನಾನು ಹುಟ್ಟಿ ಬೆಳೆದದ್ದು ಮಲೆನಾಡಿನಲ್ಲಿ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಬಟ್ಟೆ ಒಣಗುವುದಿಲ್ಲ. ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಅಡುಗೆಮನೆಯಲ್ಲಿ ದೀಪ ಬೇಕು. ಕರೆಂಟಿನ ಕತೆ ಕೇಳಬೇಡಿ. ಅಂದರೆ ಕತ್ತಲ ಕಾಲ ನನಗೆ ಹೊಸದೇ ಅಲ್ಲ. ಹಾಗಿದ್ದರೆ ಅಲ್ಲಿ ಆಗದ್ದು ಇಲ್ಲಿ ಯಾಕೆ ಆಯಿತು?

ಅಜ್ಜಿ ಮಳೆಗಾಲದ ಕೆಲಸ ಮಳೆಗಾಲದಲ್ಲಿ ಮಾಡುತ್ತಿರಲಿಲ್ಲ. ಎಲ್ಲ ಮುಗಿಯುತ್ತಿದ್ದದ್ದು ಏಪ್ರಿಲ್, ಮೇ ತಿಂಗಳಿನಲ್ಲಿ. ಸೌದೆ ಒಡೆಸಿ ಕೊಟ್ಟಿಗೆಯ ಪಕ್ಕ ಒಟ್ಟಿಸುವುದು. ಒಟ್ಟಿದ ಮೇಲೆ ಒಂದು ಸುತ್ತು ಬಂದು, ಅಡಿಯ ಸಾಲಿನ ಒಂದು ತುಂಡು ಎಳೆದು, ಒಣಗಿದೆಯೋ ಇಲ್ಲವೋ ಅಂತ ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಒಣಗಿದ ಸೌದೆ ಟಣ್ ಅನ್ನುತ್ತದೆ, ಹಸಿಯದು ಡಬ್ ಅನ್ನುತ್ತದೆ. ಡಬ್ ಅಂದರೆ ಒಟ್ಟಿದವನಿಗೆ ಬೈಗುಳ, ಒಟ್ಟಿದ್ದೆಲ್ಲ ಮತ್ತೆ ಬಿಸಿಲಿಗೆ. ಆಮೇಲೆ ಹಲಸಿನ ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಮಿಡಿ ಉಪ್ಪಿನಕಾಯಿ. ಜಗಲಿಗೆ ಎರಚಲು ಹೊಡೆಯದ ಹಾಗೆ ಸೋಗೆಯ ತಟ್ಟಿ. ಕಂಬಳಿಗಳನ್ನು ತೆಗೆದು ಬಿಸಿಲಿಗೆ ಹಾಕುವುದು. ಜುಲೈ ತಿಂಗಳಿನಲ್ಲಿ ಮಳೆ ಮನೆಯ ಮೇಲೆ ಕೂತಾಗ ಯಾರೂ ಏನೂ ಯೋಚನೆ ಮಾಡಬೇಕಾಗಿರಲಿಲ್ಲ. ಕೈ ಚಾಚಿದರೆ ಎಲ್ಲ ಇತ್ತು.

ಇನ್ನೊಂದು ವಿಷಯ. ಮಳೆ ಅಂತ ಯಾರೂ ಒಳಗೆ ಕೂರುತ್ತಿರಲಿಲ್ಲ. ನಟ್ಟಿ ಆಗುವುದೇ ಜಡಿಮಳೆಯಲ್ಲಿ. ಕಂಬಳಿ ಕೊಪ್ಪೆ ಹಾಕಿಕೊಂಡು ಹೆಂಗಸರು ಗಂಡಸರು ದಿನವಿಡೀ ಗದ್ದೆಯಲ್ಲಿರುತ್ತಿದ್ದರು. ಸಂಜೆ ಬಂದು ಬಚ್ಚಲ ಒಲೆಯ ಬಿಸಿನೀರು ಸುರಿದುಕೊಂಡರೆ ಆಯಿತು. ನಾನು ಇಲ್ಲಿ ಮಾಡಿದ್ದು ಸರೀ ಉಲ್ಟಾ. ಏನೂ ತಯಾರಿಯಿಲ್ಲ, ಹೊರಗೂ ಹೋಗಲಿಲ್ಲ.

ಜನವರಿಯಲ್ಲಿ ಈ ಮಾತು ಆಡಿ ಪ್ರಯೋಜನವಿಲ್ಲ ಅಂದೆನಲ್ಲ, ಅದು ಇದಕ್ಕೇ. ಮಂಕು ಹಿಡಿದ ಮೇಲೆ ಮನುಷ್ಯನಿಗೆ ಏನನ್ನಾದರೂ ಶುರು ಮಾಡುವ ಶಕ್ತಿಯೇ ಇರುವುದಿಲ್ಲ. ದೀಪ ತರಿಸಬೇಕು ಅಂತ ಗೊತ್ತಿರುತ್ತದೆ, ತರಿಸುವುದಿಲ್ಲ. ಮಳೆಯಲ್ಲಿ ಕೊಡಲಿ ಹಿಡಿದು ಸೌದೆಗೆ ಹೊರಟ ಹಾಗೆ ಅದು. ಆದ್ದರಿಂದ ಈಗ, ಬಿಸಿಲಿರುವಾಗ, ತಲೆ ಸರಿಯಿರುವಾಗ ಒಟ್ಟಿಕೊಳ್ಳಿ.

ನನ್ನ ಸೌದೆಯಲ್ಲಿ ಮೊದಲನೆಯದು ಬೆಳಕಿನ ಪೆಟ್ಟಿಗೆ. ಲೈಟ್ ಬಾಕ್ಸ್ ಅಂತ ಸಿಗುತ್ತದೆ. 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಇರುವಂಥದ್ದು, ಅತಿನೇರಳೆ ಕಿರಣ ಸೋಸುವಂಥದ್ದು ನೋಡಿ ಕೊಳ್ಳಿ. ನಮ್ಮ ಮನೆಯೊಳಗಿನ ದೀಪಗಳ ಬೆಳಕು ಕೆಲವು ನೂರು ಲಕ್ಸ್ ದಾಟುವುದು ಕಷ್ಟ. ಕಣ್ಣಿಗೆ ಬೆಳಕು ಅನ್ನಿಸುತ್ತದೆ, ಆದರೆ ಮೈಯೊಳಗಿನ ಗಡಿಯಾರಕ್ಕೆ ಅದು ಬೆಳಕೇ ಅಲ್ಲ. ನನ್ನ ಪೆಟ್ಟಿಗೆ ಅಡುಗೆಮನೆಯಲ್ಲಿ, ಕಾಫಿ ಫಿಲ್ಟರಿನ ಪಕ್ಕ ಇದೆ. ಬೆಳಿಗ್ಗೆ ಎದ್ದ ತಕ್ಷಣ ಡಿಕಾಕ್ಷನ್ನಿಗೆ ಬಿಸಿನೀರು ಸುರಿದು, ಪೆಟ್ಟಿಗೆಯ ಗುಂಡಿ ಒತ್ತುತ್ತೇನೆ. ನೀರು ಇಳಿಯುವವರೆಗೆ, ಆಮೇಲೆ ಕಾಫಿ ಕುಡಿಯುವವರೆಗೆ, ಒಟ್ಟು ಅರ್ಧ ಗಂಟೆ ಅದರ ಮುಂದೆ. ಒಂದೂವರೆ ಅಡಿ ದೂರ. ದಿಟ್ಟಿಸಬೇಕಾಗಿಲ್ಲ, ಕಣ್ಣು ತೆರೆದಿದ್ದರೆ ಸಾಕು. ಸಂಜೆ ಹಚ್ಚಬೇಡಿ, ರಾತ್ರಿ ನಿದ್ದೆ ಕೆಡುತ್ತದೆ. ಕಣ್ಣಿನ ತೊಂದರೆ ಇರುವವರು, ಬೈಪೋಲಾರ್ ಎಂಬ ಮನಸ್ಸಿನ ಏರಿಳಿತದ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಹಚ್ಚಲೇಬೇಡಿ. ನಾನು ಅಕ್ಟೋಬರ್ ಕೊನೆಗೇ ಶುರು ಮಾಡುತ್ತೇನೆ, ಮಂಕು ಬರಲಿ ಅಂತ ಕಾಯುವುದಿಲ್ಲ.

ಪೆಟ್ಟಿಗೆಯೊಂದೇ ಸಾಕಾ? ಇಲ್ಲ. ವರ್ಮಾಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ಪರೀಕ್ಷೆ ಮಾಡಿದ್ದಾರೆ. ವರ್ಮಾಂಟೂ ನಮ್ಮ ಹಾಗೇ ಹಿಮದ ಸೀಮೆ. 177 ಜನರಲ್ಲಿ ಅರ್ಧದಷ್ಟು ಜನಕ್ಕೆ ಬೆಳಕಿನ ಚಿಕಿತ್ಸೆ. ಉಳಿದವರಿಗೆ ಯೋಚನೆ ಮತ್ತು ರೂಢಿ ಬದಲಿಸಿಕೊಳ್ಳುವ ಮಾತಿನ ಚಿಕಿತ್ಸೆ. ಆ ಚಳಿಗಾಲದಲ್ಲಿ ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಗುಣ. ಆದರೆ ಎರಡು ಚಳಿಗಾಲ ಕಳೆದ ಮೇಲೆ ನೋಡಿದರೆ, ಬೆಳಕು ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ಮಂಕು ಮರಳಿತ್ತು. ಮಾತಿನ ಚಿಕಿತ್ಸೆಯವರಲ್ಲಿ ಸುಮಾರು 27 ಮಂದಿಗೆ. ಪೆಟ್ಟಿಗೆಯನ್ನು ವರ್ಷ ವರ್ಷ ನಾವೇ ಎದ್ದು ಹಚ್ಚಬೇಕು, ಎಷ್ಟೋ ಜನ ಬಿಟ್ಟುಬಿಡುತ್ತಾರೆ. ರೂಢಿ ಹಾಗಲ್ಲ, ಮೈಗೆ ಹತ್ತಿಕೊಳ್ಳುತ್ತದೆ.

ನಾನು ಮಾಡಿಕೊಂಡ ರೂಢಿ ಮಧ್ಯಾಹ್ನದ ನಡಿಗೆ. ಮೋಡ ಕವಿದ ದಿನವೂ ಹೊರಗೆ ಸಾವಿರಗಟ್ಟಲೆ ಲಕ್ಸ್ ಇರುತ್ತದೆ, ಮನೆಯೊಳಗಿಗಿಂತ ಎಷ್ಟೋ ಪಟ್ಟು ಜಾಸ್ತಿ. ಕೆಳಗೆ ಹಿಮ ಬಿದ್ದಿದ್ದರೆ ಅದೂ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಆದರೆ ಒಬ್ಬಳೇ ಹೋಗುತ್ತೇನೆ ಅಂತ ಅಂದುಕೊಂಡರೆ ಹೋಗುವುದಿಲ್ಲ, ನನಗೆ ನನ್ನ ಬುದ್ಧಿ ಗೊತ್ತು. ಅದಕ್ಕೆ ಸೆಪ್ಟೆಂಬರಿನಲ್ಲೇ ಜೊತೆ ಗೊತ್ತು ಮಾಡಿಕೊಳ್ಳುತ್ತೇನೆ. ಪಕ್ಕದ ಬೀದಿಯ ತೆಲುಗು ಹುಡುಗಿಯೊಬ್ಬಳಿದ್ದಾಳೆ. ಹನ್ನೆರಡೂವರೆಗೆ ಅವಳು ನಮ್ಮ ಬಾಗಿಲಲ್ಲಿ ನಿಂತು ಬೂಟು ಕುಟ್ಟುತ್ತಾಳೆ. ಆ ಸದ್ದಿಗೆ ಎದ್ದು ಹೊರಡಲೇಬೇಕು. ಸಬೂಬು ಹೇಳಲು ಬಾಯಿ ಬರುವುದಿಲ್ಲ.

ಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ, ಅಂಗಡಿಯವರೇ ಹೇಳಿಕೊಡುತ್ತಾರೆ. ಒಂದೇ ಮಾತು. ಮೈಗೆ ಅಂಟಿಕೊಳ್ಳುವ ಬಟ್ಟೆ ಹತ್ತಿಯದು ಬೇಡ. ನಮಗೆ ಹತ್ತಿ ಬನಿಯನ್ ಅಂದರೆ ಪ್ರಾಣ. ಆದರೆ ಹತ್ತಿ ಬೆವರು ಹೀರಿ ಒದ್ದೆಯಾಗಿ ಕೂರುತ್ತದೆ, ಒದ್ದೆಯಾದ ಮೇಲೆ ಮೈಯ ಬಿಸಿ ಎಳೆಯುತ್ತದೆ. ಉಣ್ಣೆ ಅಥವಾ ಥರ್ಮಲ್ ಒಳಗೆ, ಗಾಳಿ ತಡೆಯುವಂಥದ್ದು ಹೊರಗೆ. ಬೂಟಿಗೆ ಮಾತ್ರ ಕಾಸು ನೋಡಬೇಡಿ. ರಸ್ತೆಯ ಮೇಲೆ ಕಾಣದ ಹಾಗೆ ಕಟ್ಟುವ ಕರಿ ಮಂಜುಗಡ್ಡೆಯ ಮೇಲೆ ಪೆಂಗ್ವಿನ್ ಹಾಗೆ ನಡೆಯಿರಿ. ಹೆಜ್ಜೆ ಚಿಕ್ಕದು, ಪಾದ ಸಪಾಟು, ಕೈ ಜೇಬಿನಿಂದ ಹೊರಗೆ. ನಾನು ಎರಡು ಸಲ ಬಿದ್ದಿದ್ದೇನೆ. ಎರಡು ಸಲವೂ ಕೈ ಜೇಬಿನಲ್ಲಿತ್ತು.

ಡಿ ವಿಟಮಿನ್ ಬಗ್ಗೆ ತುಂಬ ಜನ ಕೇಳುತ್ತಾರೆ. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಬಾಸ್ಟನ್ನಿನಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಬಿಸಿಲಿಗೆ ನಿಂತರೂ ಚರ್ಮದಲ್ಲಿ ಡಿ ತಯಾರಾಗುವುದಿಲ್ಲ. ಸೂರ್ಯ ಅಷ್ಟು ಓರೆ. ನಾವು ಬಾಸ್ಟನ್ನಿಗಿಂತ ಇನ್ನೊಂದು ಚೂರು ಉತ್ತರಕ್ಕಿದ್ದೇವೆ, ನಮ್ಮ ಬಣ್ಣದ ಚರ್ಮಕ್ಕೆ ಬಿಸಿಲು ಇನ್ನೂ ಜಾಸ್ತಿ ಬೇಕು. ಆದ್ದರಿಂದ ಈಗಲೇ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಷ್ಟು ಮಾತ್ರೆ ತಗೊಳ್ಳಿ. ಮೂಳೆಗೆ ಬೇಕೇ ಬೇಕು. ಆದರೆ ಮಾತ್ರೆ ನುಂಗಿದ ತಕ್ಷಣ ಮನಸ್ಸು ಅರಳುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಸಂಖ್ಯೆ 11ರಿಂದ 34ಕ್ಕೆ ಏರಿತು, ಬೇಜಾರು ಅಲ್ಲೇ ಇತ್ತು.

ನಾರ್ವೆಯವರನ್ನು ನೋಡಿ ಕಲಿಯಿರಿ ಅನ್ನುವವರೂ ಇದ್ದಾರೆ. ಟ್ರೊಮ್ಸೊ ಅನ್ನುವ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿಯವರೆಗೆ ಸೂರ್ಯ ಮೇಲೆ ಬರುವುದೇ ಇಲ್ಲ, ಆದರೂ ಅಲ್ಲಿನವರು ಚಳಿಗಾಲವನ್ನು ಖುಷಿಯಿಂದ ಕಾಯುತ್ತಾರಂತೆ. ನಿಜವಿರಬಹುದು. ಅವರು ಹುಟ್ಟಿದ್ದೇ ಅದರಲ್ಲಿ. ಮೊದಲ ಚಳಿಗಾಲ ಕಾಣುತ್ತಿರುವ ಹುಡುಗಿಗೆ "ನಿನ್ನ ಮನೋಭಾವ ಬದಲಿಸಿಕೋ" ಅಂದರೆ ಅವಳಿಗೆ ಬೈದ ಹಾಗಾಗುತ್ತದೆ. ಅವಳ ಬಾಗಿಲಲ್ಲಿ ಬೂಟು ಕುಟ್ಟಿ, ಅದು ಉಪಕಾರ.

ಇಷ್ಟಾದರೂ ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ ಪೆಟ್ಟಿಗೆ, ನಡಿಗೆ ಅಂತ ಕೂರಬೇಡಿ. 988 ಸಹಾಯವಾಣಿಗೆ ಫೋನ್ ಮಾಡಿ, ಮೆಸೇಜನ್ನೂ ಮಾಡಬಹುದು. ಹಗಲು ರಾತ್ರಿ ಯಾರಾದರೂ ಇರುತ್ತಾರೆ.

ಹಿಮ ಪ್ರಾಣ ತೆಗೆಯುವ ವಿಷಯವೊಂದನ್ನು ಹೇಳದೆ ಬಿಡುವ ಹಾಗಿಲ್ಲ. ನಮ್ಮಿಂದ ಒಂದೂವರೆ ಗಂಟೆ ದೂರದ ಬಫೆಲೊ ಸುತ್ತಮುತ್ತ 2022ರ ಕ್ರಿಸ್‌ಮಸ್ ಹೊತ್ತಿಗೆ ಬಂದ ಹಿಮಗಾಳಿಗೆ 40ಕ್ಕೂ ಹೆಚ್ಚು ಜನ ಸತ್ತರು. ರಸ್ತೆಯಲ್ಲಿ ಕಾರಿನಲ್ಲಿ ಸಿಕ್ಕಿಕೊಂಡವರೂ ಇದ್ದರು. ಹೊರಡಬೇಡಿ ಅಂತ ಹೇಳಿದ ದಿನ ಹೊರಡಬೇಡಿ. ಹಾಲಿಲ್ಲದಿದ್ದರೆ ಕರಿ ಕಾಫಿ. ಕಾರು ಹಿಮದಲ್ಲಿ ಹೂತರೆ ಇಂಜಿನ್ ಹಚ್ಚುವ ಮುಂಚೆ ಹೊಗೆ ಕೊಳವೆಯ ಬಾಯಿ ತೆರೆದಿದೆಯಾ ನೋಡಿ. ಹಿಮ ಅದನ್ನು ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ, ವಾಸನೆಯಿಲ್ಲ, ಗೊತ್ತೇ ಆಗುವುದಿಲ್ಲ. ಮನೆ ಬೆಚ್ಚಗಿಡುವ ಫರ್ನೇಸಿನ ಹೊಗೆ ಕೊಳವೆ ಎಲ್ಲಿದೆ ಅಂತ ಇವತ್ತೇ ಮನೆ ಸುತ್ತು ಬಂದು ನೋಡಿಕೊಳ್ಳಿ. ಸಲಿಕೆಯಲ್ಲಿ ಹಿಮ ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ಐವತ್ತು ದಾಟಿದವರು, ಹೃದಯದ ತೊಂದರೆ ಇರುವವರು ಪಕ್ಕದ ಮನೆಯ ಹುಡುಗನಿಗೆ ಹತ್ತು ಡಾಲರ್ ಕೊಡಿ.

ಹಬ್ಬಗಳ ಬಗ್ಗೆ ಒಂದು ಮಾತು. ಸಂಕ್ರಾಂತಿ ಬರುವುದು ಜನವರಿ ನಡುವಿಗೆ, ಇಲ್ಲಿನ ಚಳಿಯ ನೆತ್ತಿಯ ಮೇಲೆ. ಆದರೆ ನಿಮಗೊಂದು ಗುಟ್ಟು ಹೇಳುತ್ತೇನೆ. ಇಲ್ಲಿ ಸೂರ್ಯ ಬಹಳ ಬೇಗ ಮುಳುಗುವುದು ಡಿಸೆಂಬರ್ 21ಕ್ಕಲ್ಲ. ಡಿಸೆಂಬರ್ 10ರ ಆಸುಪಾಸಿಗೆ, 4:35ರ ಹೊತ್ತಿಗೆ. ಆಮೇಲೆ ಸಂಜೆಗಳು ಕೂದಲೆಳೆಯಷ್ಟು ಉದ್ದವಾಗುತ್ತಾ ಹೋಗುತ್ತವೆ. ಸಂಕ್ರಾಂತಿಯ ಹೊತ್ತಿಗೆ ಐದಕ್ಕೆ ಹತ್ತಿರ ಬಂದಿರುತ್ತದೆ. ನಾನು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಯಾರ ಮನೆಯಲ್ಲಿ ಎಳ್ಳು ಬೆಲ್ಲ, ಯಾರ ಮನೆಯಲ್ಲಿ ರಥಸಪ್ತಮಿ ಅಂತ ನಾವು ಹೆಂಗಸರು ಸೆಪ್ಟೆಂಬರಿನಲ್ಲೇ ಹಂಚಿಕೊಂಡುಬಿಡುತ್ತೇವೆ. ಕೊಬ್ಬರಿ ಹೆಚ್ಚುವುದಕ್ಕೆ ನಾಲ್ಕು ಜನ ಒಂದೇ ಮನೆಯಲ್ಲಿ ಸೇರುತ್ತೇವೆ. ರೇಷ್ಮೆ ಸೀರೆ ಎತ್ತಿ ಹಿಡಿದು, ಕೆಳಗೆ ಮೊಣಕಾಲುದ್ದ ಬೂಟು ಹಾಕಿಕೊಂಡು, ಎಳ್ಳು ಬೆಲ್ಲದ ಪೊಟ್ಟಣಗಳನ್ನು ಎದೆಗೆ ಅವಚಿಕೊಂಡು ಹಿಮದಲ್ಲಿ ನಡೆಯುವ ಹೆಂಗಸರ ಸಾಲನ್ನು ನೀವು ನೋಡಬೇಕು. ಈ ವರ್ಷ ನೀವೂ ಇರುತ್ತೀರಿ. ರಥಸಪ್ತಮಿಗೆ ಎಕ್ಕದ ಎಲೆ ಮಾತ್ರ ಇಲ್ಲಿ ಸಿಗುವುದಿಲ್ಲ. ನಾವು ಸೂರ್ಯ ಬಂದರೆ ಸಾಕು ಅಂತ ಕೈಮುಗಿಯುತ್ತೇವೆ. ಕೆಲವು ವರ್ಷ ಮೋಡಕ್ಕೇ ಕೈಮುಗಿದಿದ್ದೇವೆ.

ನನ್ನ ಮಾತು ಇಷ್ಟೇ. ಏನಾದರೂ ಕೇಳುವುದಿದ್ದರೆ ಕೇಳಿ.

ಇಲ್ಲಿಗೆ ನಾನು ನಿಲ್ಲಿಸಿದೆ. ನಾಲ್ಕೈದು ಪ್ರಶ್ನೆಗಳು ಬಂದವು, ಹೆಚ್ಚಿನವು ಟೈರಿನ ಬಗ್ಗೆ. ಕೊನೆಗೆ ಹಿಂದಿನ ಸಾಲಿನಿಂದ, ಮಗಳ ಬಾಣಂತನಕ್ಕೆ ಹಾಸನದಿಂದ ಬಂದಿದ್ದ ಒಬ್ಬರು ಹಿರಿಯರು ಎದ್ದು ನಿಂತರು.

"ಏನಮ್ಮಾ, ಅಷ್ಟೆಲ್ಲ ಹೇಳಿದೆ. ಆ ಚಳೀಲಿ ದೋಸೆ ಹಿಟ್ಟು ಉಬ್ಬೋದು ಹೇಗೆ, ಅದನ್ನ ಹೇಳಲಿಲ್ಲವಲ್ಲ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಅದು ಇಡೀ ಸಂಜೆಯ ಅತಿ ಕಷ್ಟದ ಪ್ರಶ್ನೆ. "ಓವನ್ನಿನೊಳಗೆ ಇಡಿ, ಅಮ್ಮಾ," ಅಂದೆ. "ಓವನ್ ಹಚ್ಚಬೇಡಿ, ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಬಿಡಿ. ಹಳೇ ಥರದ ಬಲ್ಬಾಗಿರಬೇಕು, ಎಲ್‌ಇಡಿ ಆದರೆ ಬಿಸಿಯಾಗುವುದಿಲ್ಲ. ಬೆಳಿಗ್ಗೆ ಮುಚ್ಚಳ ಎತ್ತಿರುತ್ತದೆ."

"ಅಷ್ಟೇನಾ?"

"ಇನ್ನೊಂದಿದೆ. ಓವನ್ ಹಚ್ಚುವ ಗುಂಡಿಯ ಮೇಲೆ 'ಒಳಗೆ ಹಿಟ್ಟಿದೆ' ಅಂತ ಚೀಟಿ ಅಂಟಿಸಿ. ನಮ್ಮನೆಯವರು ಒಂದು ಸಲ ಪೀಟ್ಜಾ ಮಾಡಲು ಹೊರಟು, ಪ್ಲಾಸ್ಟಿಕ್ ಡಬ್ಬಿ ಸಮೇತ ಬೇಯಿಸಿಬಿಟ್ಟರು."